ಹೊಗಳಿಕೆಯ ತೂಕ, ತೆಗಳಿಕೆಯ ತೂಕ

ಬಿ.ಕಾಂ. ಮುಗಿಸಿ ನಮ್ಮ ಕಾಳುಕಡಿಯ ಅಂಗಡಿಯ ಗಾದಿಯ ಮೇಲೆ ಕುಳಿತ ಮೊದಲ ದಿನ ನನ್ನ ತಂದೆಯವರು ನನಗೆ ಲೆಕ್ಕದ ಪುಸ್ತಕವನ್ನು ತೋರಿಸಲಿಲ್ಲ, ತಕ್ಕಡಿಯನ್ನು ತೋರಿಸಿದರು. “ಮಾಲು ಹಾಕುವ ಮೊದಲು ಖಾಲಿ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿದೆಯೇ ನೋಡು. ಖಾಲಿ ಇದ್ದಾಗಲೇ ಅದು ಒಂದು ಕಡೆಗೆ ವಾಲಿದ್ದರೆ ನೀನು ಎಷ್ಟು ಶ್ರದ್ಧೆಯಿಂದ ತೂಗಿದರೂ ಅದು ಕಳ್ಳತೂಕವೇ” ಎಂದರು. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ವೂ ಒಂದೆಂಬುದು ಸ್ವಾಧ್ಯಾಯ ಮಾಡುವ ಶ್ರಾವಕರೆಲ್ಲರಿಗೂ ತಿಳಿದದ್ದೇ. ಕೊಳ್ಳುವಾಗ ಹೆಚ್ಚಿನ ಅಳತೆ, ಕೊಡುವಾಗ ಕಡಿಮೆ ಅಳತೆ ಬಳಸುವುದು ಎಂದು ಅದರ ಅರ್ಥ. ನಲವತ್ತು ವರ್ಷಗಳ ವ್ಯಾಪಾರದಲ್ಲಿ ಈ ದೋಷವೊಂದು ನನ್ನಿಂದ ಆಗಿಲ್ಲವೆಂಬ ಸಮಾಧಾನ ನನಗಿತ್ತು. ಅಂಗಡಿಯ ಹೊರಗೆ ನಾನು ಬಹುಕಾಲದಿಂದ ನಡೆಸುತ್ತಿದ್ದ ಇನ್ನೊಂದು ತೂಕದ ವ್ಯವಹಾರವಿದೆ, ಅದರಲ್ಲಿ ನನ್ನ ಮುಳ್ಳು ವಾಲಿದೆ ಎಂಬುದು ತಿಳಿದದ್ದು 2025ರ ಭಾದ್ರಪದದಲ್ಲಿ. ಈ ಹಾಡು ಚೆನ್ನ, ಆ ಚಿತ್ರ ಹುರುಳಿಲ್ಲದ್ದು, ಈ ಪುಸ್ತಕಕ್ಕೆ ಬಂದ ಹೆಸರು ಅತಿಯಾಯಿತು ಎಂದು ತೀರ್ಪು ಕೊಡುವ ವ್ಯವಹಾರವದು.

ಆ ವರ್ಷದ ಆಗಸ್ಟ್ 15ಕ್ಕೆ ‘ಶೋಲೆ’ ಚಿತ್ರ ತೆರೆಕಂಡು ಐವತ್ತು ವರ್ಷ ತುಂಬಿತು. ಪತ್ರಿಕೆಗಳೆಲ್ಲ ಅದರ ಗುಣಗಾನ ಮಾಡಿದ್ದವು. ಚಾತುರ್ಮಾಸದಲ್ಲಿ ಸಿನಿಮಾ ನೋಡಿದ್ದನ್ನು ಮುಚ್ಚಿಡಲಾರೆ. ಹದಿನಾರನೆಯ ವಯಸ್ಸಿನ ನೆನಪು ನನ್ನನ್ನು ಟಿ.ವಿ.ಯ ಮುಂದೆ ಕೂರಿಸಿತು. ಈಗ ಅದೇ ಹದಿನಾರು ವಯಸ್ಸಿನ ನನ್ನ ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಅರ್ಧ ಮುಗಿಯುವಷ್ಟರಲ್ಲಿ ಅವಳು ಆಕಳಿಸಿದಳು. “ಇದರಾಗ ಅಷ್ಟೊಂದು ಹೊಗಳೂವಂಥಾದ್ದು ಏನೈತಿ ಅಜ್ಜಾ? ಇಂಥವು ಎಷ್ಟೋ ನೋಡೇವಿ” ಎಂದಳು. ನನಗೆ ಸಿಟ್ಟು ಬಂತು. ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ, ಅಭಿರುಚಿಯಿಲ್ಲ ಎಂದು ಒಂದು ಸಣ್ಣ ಉಪನ್ಯಾಸವನ್ನೇ ಮಾಡಿದೆ.

ಮರುದಿನ ಅವಳ ಸರದಿ. ಕೋಟಿಗಟ್ಟಲೆ ಜನ ನೋಡಿದ್ದಾರೆಂದು ಹೇಳಿ ಮೊಬೈಲಿನಲ್ಲಿ ಒಂದು ಹಾಡನ್ನು ಕೇಳಿಸಿದಳು. ಅವಳ ತಮ್ಮ ತಾನು ಆಡುವ, ಗುಂಡು ಹಾರಿಸುವ ಆಟವೊಂದನ್ನು ತೋರಿಸಿದ. ಎರಡು ನಿಮಿಷವೂ ಆಗಿರಲಿಲ್ಲ. “ಜನ ಮರುಳೋ ಜಾತ್ರೆ ಮರುಳೋ! ಇದಕ್ಕೆ ಇಷ್ಟು ಹೆಸರೇ?” ಎಂದುಬಿಟ್ಟೆ. ಮೊಮ್ಮಗಳು ನಕ್ಕಳು. “ನಾ ಅಂದರ ಉದ್ಧಟತನ, ನೀವು ಅಂದರ ವಿಮರ್ಶೆ ಏನ್ರಿ ಅಜ್ಜಾ?” ಎಂದಳು. ಸ್ವಲ್ಪ ತಡೆದು, “ಆ ಕಾಕು ಹಾಡಿಗೂ ನೀವು ಹಿಂಗ ಅಂದಿದ್ರಿ” ಎಂದು ಸೇರಿಸಿ ಒಳಗೆ ಹೋದಳು. ಅವಳ ಕಡೆಯ ಮಾತು ನನ್ನನ್ನು ಚುಚ್ಚಿತು. ಅದು ಯಾವ ಹಾಡು ಎಂಬುದನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು, ಹೆಸರುವಾಸಿಯಾದ ಕೃತಿಗಳು ಹತ್ತಿರ ಹೋದಾಗ ಹೆಸರಿಗೆ ತಕ್ಕಷ್ಟಿಲ್ಲವೆಂದು ಏಕೆ ತೋರುತ್ತವೆ ಎಂಬುದನ್ನು, ಅಂದಿನಿಂದ ನಾನು ಯೋಚಿಸಿದಷ್ಟು, ಓದುಗರ ಮುಂದಿಡುತ್ತೇನೆ.

ಮೊದಲನೆಯ ಕಾರಣ ನಿರೀಕ್ಷೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಾಲ್ವರು ಹೊಗಳಿದ ವಸ್ತುವನ್ನು ನಾವು ಬರಿಗೈಯಲ್ಲಿ ನೋಡಲು ಹೋಗುವುದಿಲ್ಲ. ಆ ಹೊಗಳಿಕೆಯಷ್ಟು ಸಾಲವನ್ನು ವಸೂಲು ಮಾಡಲು ಹೋಗುತ್ತೇವೆ. ಕೃತಿಯು ಯಾರಿಂದಲೂ ಸಾಲ ತಂದಿಲ್ಲ. ಸಾಲಪತ್ರವನ್ನು ಬರೆದವರು ಬೇರೆಯವರು. ಆದರೂ ಬಾಕಿ ಉಳಿದಾಗ ನಾವು ಕೃತಿಯ ಮೇಲೆಯೇ ಸಿಟ್ಟಾಗುತ್ತೇವೆ.

ಎರಡನೆಯದು ಅನುಕರಣೆ. ‘ಶೋಲೆ’ಯ ಉದಾಹರಣೆಯನ್ನೇ ನೋಡೋಣ. ಅದು ನಮ್ಮ ರಾಮನಗರದ ಬಂಡೆಬೆಟ್ಟಗಳ ನಡುವೆ ಚಿತ್ರಿತವಾದದ್ದು. ಬಿಡುಗಡೆಯಾದ ಮೊದಲ ದಿನಗಳಲ್ಲಿ ಅದಕ್ಕೆ ಸಿಕ್ಕಿದ್ದು ತಣ್ಣನೆಯ ಸ್ವಾಗತ. ಆಮೇಲೆ ಬಾಯಿಂದ ಬಾಯಿಗೆ ಮಾತು ಹರಡಿ, ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷಗಳಿಗೂ ಮಿಕ್ಕಿ ಓಡಿತು. ಅದರ ಸಂಭಾಷಣೆಗಳೇ ಧ್ವನಿಮುದ್ರಿಕೆಗಳಾಗಿ ಮಾರಾಟವಾದವು. ಬಳಿಕ ಬಂದ ನೂರಾರು ಚಿತ್ರಗಳು ಅದರ ಖಳನಾಯಕನನ್ನೂ ಗೆಳೆಯರ ಜೋಡಿಯನ್ನೂ ಮಾತಿನ ವರಸೆಯನ್ನೂ ನಕಲು ಮಾಡಿದವು. ನನ್ನ ಮೊಮ್ಮಗಳು ಆ ನಕಲುಗಳನ್ನೆಲ್ಲ ನೋಡಿ ಮುಗಿಸಿ ಕೊನೆಗೆ ಮೂಲವನ್ನು ನೋಡಿದಳು. ಅವಳಿಗೆ ಮೂಲವೇ ನಕಲಿನಂತೆ ಕಂಡರೆ ತಪ್ಪು ಯಾರದು? ಮೇಲಾಗಿ 70 ಎಂ.ಎಂ. ಪರದೆಗೂ ಸ್ಟೀರಿಯೋ ಧ್ವನಿಗೂ ಸಿದ್ಧವಾದ ಚಿತ್ರವನ್ನು ನಾನು ಅವಳಿಗೆ ತೋರಿಸಿದ್ದು ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆಯಲ್ಲಿ. ಅವಳು ‘ಇಂಥವು ಎಷ್ಟೋ ನೋಡೇವಿ’ ಎಂದದ್ದು ಅವಳ ಮಟ್ಟಿಗೆ ನಿಜವೇ ಆಗಿತ್ತು. ನಾನು ‘ಇಂಥದ್ದನ್ನು ನೋಡಿಯೇ ಇರಲಿಲ್ಲ’ ಎಂದದ್ದು ನನ್ನ ಮಟ್ಟಿಗೆ ನಿಜ. ‘ಸ್ಯಾತ್’ ಎಂಬ ಪದವನ್ನು ಇಬ್ಬರೂ ಮರೆತಿದ್ದೆವು.

ಮೂರನೆಯದು, ಎಣಿಕೆಯನ್ನು ಬೆಲೆಯೆಂದು ತಿಳಿಯುವುದು. ವಾಣಿಜ್ಯ ಓದಿದವರಿಗೆ ಮೊದಲ ವರ್ಷದಲ್ಲೇ ಕಲಿಸುವ ಪಾಠ: ವಹಿವಾಟು ಬೇರೆ, ಲಾಭ ಬೇರೆ. ಚಿತ್ರವೊಂದು ಇಷ್ಟು ಕೋಟಿ ಗಳಿಸಿತು ಎಂಬುದು ಎಷ್ಟು ಜನ ಎಷ್ಟು ಬೆಲೆ ಕೊಟ್ಟು ಒಳಗೆ ಹೋದರು ಎಂಬ ಲೆಕ್ಕ. ಅವರು ಏನನ್ನು ಹೊತ್ತು ಹೊರಗೆ ಬಂದರು ಎಂಬುದರ ಲೆಕ್ಕವಲ್ಲ. ಆ ಎಣಿಕೆಯ ಮಾಪಕವಾದರೂ ಒಂದೇ ಆಗಿದೆಯೇ? 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಒಂದು ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ನಡೆಯಿತೆಂಬುದು ಅದರ ಹಿರಿಮೆ. 2022ರ ‘ಕೆ.ಜಿ.ಎಫ್.’ ಎರಡನೆಯ ಭಾಗ ಐದು ಭಾಷೆಗಳಲ್ಲಿ ಏಕಕಾಲಕ್ಕೆ ತೆರೆಕಂಡು ಸಾವಿರ ಕೋಟಿ ರೂಪಾಯಿ ದಾಟಿತೆಂಬುದು ಇದರ ಹಿರಿಮೆ. 1956ರ ಕಾಯಿದೆಯ ನಂತರ ಸೇರು ಹೋಗಿ ಕಿಲೋ ಬಂದಾಗ ಹಳೆಯ ಗಿರಾಕಿಗಳು ಎರಡನ್ನೂ ಬೆರೆಸಿ ಜಗಳವಾಡುತ್ತಿದ್ದರೆಂದು ತಂದೆಯವರು ಹೇಳುತ್ತಿದ್ದರು. ವರ್ಷಗಳಲ್ಲಿ ಅಳೆದದ್ದನ್ನು ಕೋಟಿಗಳಲ್ಲಿ ಅಳೆದದ್ದರ ಜತೆ ಹೋಲಿಸಿ ಯಾವುದು ದೊಡ್ಡದೆಂದು ವಾದಿಸುವುದು ಅಂಥದೇ ಜಗಳ.

ನಾಲ್ಕನೆಯದು ಎಲ್ಲಕ್ಕಿಂತ ಬಲವಾದದ್ದು: ಮಂದಿಯನ್ನು ನೋಡಿ ಮಂದಿ ನಡೆಯುವುದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇಲ್ಲಿ ಮನನಯೋಗ್ಯ. ಹೆಸರಿಲ್ಲದ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಜನರ ಮುಂದಿಟ್ಟರು. ಕೆಲವರಿಗೆ ಬರಿಯ ಹಾಡುಗಳನ್ನು ಕೊಟ್ಟರು. ಉಳಿದವರನ್ನು ಎಂಟು ಗುಂಪುಗಳಾಗಿ ಬೇರ್ಪಡಿಸಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ತೆಗೆದುಕೊಂಡರೆಂಬ ಸಂಖ್ಯೆಯನ್ನೂ ತೋರಿಸಿದರು. ಸಂಖ್ಯೆಯನ್ನು ಕಂಡವರಲ್ಲಿ ಜನಪ್ರಿಯ ಹಾಡುಗಳು ಮತ್ತಷ್ಟು ಜನಪ್ರಿಯವಾದವು. ಆದರೆ ಒಂದು ಗುಂಪಿನಲ್ಲಿ ಮೇಲೇರಿದ ಹಾಡು ಇನ್ನೊಂದು ಗುಂಪಿನಲ್ಲಿ ಮೇಲೇರಲೇ ಇಲ್ಲ. ಬಹಳ ಒಳ್ಳೆಯ ಹಾಡು ಪೂರ್ತಿ ಸೋಲುವುದು ಅಪರೂಪ, ಬಹಳ ಕೆಟ್ಟದ್ದು ಗೆಲ್ಲುವುದೂ ಅಪರೂಪ. ನಡುವಿನ ಬಹುಪಾಲು ಹಾಡುಗಳ ಭಾಗ್ಯ ಮಾತ್ರ ಮೊದಲು ಬಂದ ನಾಲ್ಕು ಜನರ ಕೈಯಲ್ಲಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯನ್ನು ಸಮ್ಯಗ್ದರ್ಶನದ ಶತ್ರುಗಳಲ್ಲಿ ಎಣಿಸಿದ್ದಾರೆ. ಅವರು ಹೇಳಿದ್ದು ಧರ್ಮದ ಹೆಸರಿನ ಕುರುಡು ಆಚರಣೆಗಳನ್ನು ಕುರಿತು. ಆದರೆ ನಾಲ್ಕು ಜನ ಹೋದ ದಾರಿಯೇ ದಾರಿಯೆಂಬ ಮನಸ್ಸು ಎಲ್ಲೆಡೆಯೂ ಒಂದೇ.

ಈ ಮನಸ್ಸನ್ನು ಬಲ್ಲ ವ್ಯಾಪಾರಿಗಳು ಹೊಗಳಿಕೆಯನ್ನೇ ತಯಾರಿಸಿ ಮಾರುತ್ತಾರೆ. ಹಣ ಕೊಟ್ಟು ಬರೆಸಿದ ಅಭಿಪ್ರಾಯಗಳ ಹಾವಳಿ ಹೆಚ್ಚಿದ್ದರಿಂದ, ಅಂತರ್ಜಾಲದಲ್ಲಿ ಮಾರುವ ಸರಕು-ಸೇವೆಗಳ ಗ್ರಾಹಕ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನಕವನ್ನು ಹೊರಡಿಸಬೇಕಾಯಿತು. ಅಸಲಿಯ ಜಾಗದಲ್ಲಿ ಅದರಂತೆಯೇ ಕಾಣುವ ನಕಲಿಯನ್ನು ಇಡುವ ‘ಪ್ರತಿರೂಪಕವ್ಯವಹಾರ’ವೂ ಅಚೌರ್ಯದ ಐದು ಅತಿಚಾರಗಳಲ್ಲಿಯೇ ಬರುತ್ತದೆಂಬುದನ್ನು ನೆನೆಯಬೇಕು. ಅಳತೆ ಮೀರಿದ ಆರಾಧನೆ ನಿರುಪದ್ರವಿಯೂ ಅಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ತಂಡವೊಂದರ ಗೆಲುವಿನ ಸಂಭ್ರಮಕ್ಕೆ ಸೇರಿದ ಜನಸಂದಣಿಯ ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ಆಟ ಆಟವಾಗಿಯೇ ಉಳಿದಿದ್ದರೆ, ಸಂಭ್ರಮಕ್ಕೊಂದು ಮಿತಿಯೂ ಏರ್ಪಾಡೂ ಇದ್ದಿದ್ದರೆ ಎಂದು ಅನಿಸದೆ ಇರದು.

ಇಷ್ಟು ಹೇಳಿ ನಿಲ್ಲಿಸಿದ್ದರೆ ನನ್ನ ಲೇಖನ ಸುಲಭವಾಗುತ್ತಿತ್ತು. ಜನಪ್ರಿಯವಾದದ್ದೆಲ್ಲ ಟೊಳ್ಳು ಎಂಬ ತೃಪ್ತಿಯಿಂದ ನಾವೆಲ್ಲ ಮನೆಗೆ ಹೋಗಬಹುದಿತ್ತು. ಆದರೆ ನಮ್ಮ ಸಾಹಿತ್ಯಚರಿತ್ರೆಯೇ ಇದಕ್ಕೆ ಅಡ್ಡ ಬರುತ್ತದೆ. ರತ್ನತ್ರಯರಲ್ಲಿ ಒಬ್ಬನಾದ ಪೊನ್ನನಿಗೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನು ಕೊಟ್ಟನು. ಕವಿಯು ತಾನು ಅಸಗನಿಗಿಂತಲೂ ಕಾಳಿದಾಸನಿಗಿಂತಲೂ ಹಲವು ಪಟ್ಟು ಮೇಲೆಂದು ತನ್ನನ್ನು ತಾನೇ ತೂಗಿಕೊಂಡನು. ಅವನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ದಾನಚಿಂತಾಮಣಿ ಅತ್ತಿಮಬ್ಬೆ ಓಲೆಯ ಮೇಲೆ ಬರೆಸಿ ಹಂಚಿದಳು. ಇಂದಿನ ವಿಮರ್ಶಕರಾದರೋ ಪೊನ್ನನು ಪಂಪನ ಎತ್ತರಕ್ಕೂ ರನ್ನನ ಎತ್ತರಕ್ಕೂ ಏರಲಿಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಾಗಾದರೆ ಅತ್ತಿಮಬ್ಬೆಯ ಸಾವಿರ ಪ್ರತಿಗಳು ಅತಿಪ್ರಶಂಸೆಯೇ?

ಇನ್ನೊಂದು ತಟ್ಟೆಯನ್ನು ನೋಡಿರಿ. ಪೊನ್ನನು ತಾನು ಮೀರಿಸಿದೆನೆಂದು ಹೇಳಿಕೊಂಡ ಅಸಗನ ಕನ್ನಡ ಕೃತಿ ನಮಗೆ ದೊರೆತೇ ಇಲ್ಲ. ಅವನ ಸಂಸ್ಕೃತದ ವರ್ಧಮಾನಚರಿತ್ರೆ ಉಳಿದಿದೆ, ಕನ್ನಡ ಕಾವ್ಯ ಅಳಿದಿದೆ. ಆ ತಟ್ಟೆ ಖಾಲಿ, ತೂಗುವುದು ಹೇಗೆ? ಪೊನ್ನನನ್ನು ಇಂದು ನಾವು ‘ಅಷ್ಟೇನೂ ಇಲ್ಲ’ ಎನ್ನುವುದಕ್ಕಾದರೂ ಅವನ ಕಾವ್ಯ ಕೈಗೆ ಸಿಕ್ಕಬೇಕಷ್ಟೆ. ಮೆಚ್ಚಿದವರು ಪ್ರತಿ ಮಾಡಿಸಿದ್ದರಿಂದಲೇ ಪ್ರಾಚೀನ ಕೃತಿಗಳು ನಮ್ಮವರೆಗೆ ಬಂದವು. ಜನರ ಮೆಚ್ಚುಗೆಯು ಗುಣಕ್ಕೆ ಪ್ರಮಾಣವಲ್ಲ, ಒಪ್ಪಿದೆ. ಆದರೆ ಅದು ದೋಷಕ್ಕೂ ಪ್ರಮಾಣವಲ್ಲ. ಈ ಎರಡನೆಯ ಅರ್ಧವನ್ನು ನಾನು ಮರೆತಿದ್ದೆ. ಮೊಮ್ಮಗಳು ನೆನಪಿಸಿದ ಹಾಡಿನ ಕಥೆ ಇಲ್ಲಿಗೆ ಸೇರುತ್ತದೆ.

2017ರ ದಶಲಕ್ಷಣ ಪರ್ವದಲ್ಲಿ ನಮ್ಮೂರಿನ ಬಸದಿಯಲ್ಲಿ ಭಜನೆಯ ಸ್ಪರ್ಧೆಯಿತ್ತು. ನಾನು ಮುಖ್ಯ ತೀರ್ಪುಗಾರ. ಹಪ್ಪಳ ಶಾವಿಗೆ ಮಾಡಿ ಮಾರಿ ಜೀವನ ಸಾಗಿಸುವ ಒಬ್ಬ ತಾಯಿ ನಾಲ್ಕು ಜನ ಹೆಣ್ಣುಮಕ್ಕಳನ್ನೂ ಏಳೆಂಟು ಚಿಕ್ಕ ಮಕ್ಕಳನ್ನೂ ಸೇರಿಸಿ ತಾವೇ ಕಟ್ಟಿದ ಹಾಡೊಂದನ್ನು ಹಾಡಿಸಿದರು. ಎಂಟು ವರ್ಷದ ನನ್ನ ಮೊಮ್ಮಗಳೂ ಆ ಸಾಲಿನಲ್ಲಿದ್ದಳು. ಧಾಟಿ ಆಗ ಎಲ್ಲರ ಬಾಯಲ್ಲಿದ್ದ ಒಂದು ಸಿನಿಮಾ ಹಾಡಿನದು. ಸಭೆ ಚಪ್ಪಾಳೆ ತಟ್ಟಿತು; ಇನ್ನೊಮ್ಮೆ ಹಾಡಿರೆಂದು ಕೇಳಿತು. ಬಹುಮಾನ ಅವರಿಗೇ ಎಂದು ಎಲ್ಲರೂ ತಿಳಿದಿದ್ದರು. ನಾನು ಎದ್ದು ನಿಂತು, “ಚಪ್ಪಾಳೆಯನ್ನು ನೋಡಿ ಬಹುಮಾನ ಕೊಡುವುದಾದರೆ ತೀರ್ಪುಗಾರರು ಏತಕ್ಕೆ? ಈ ಚಪ್ಪಾಳೆ ಸಿನಿಮಾ ಧಾಟಿಗೆ ಬಿದ್ದದ್ದು. ಹಾಡಿನಲ್ಲಿ ಹುರುಳಿಲ್ಲ” ಎಂದೆ. ಕೆಲವರು ನಕ್ಕರು. ನಿರ್ಭೀತ ವಿಮರ್ಶೆಯೆಂದು ಇಬ್ಬರು ಹಿರಿಯರು ನನ್ನ ಬೆನ್ನು ತಟ್ಟಿದರು. ಆ ತಾಯಿ ಮತ್ತೆ ಬಸದಿಯ ವೇದಿಕೆಯನ್ನು ಹತ್ತಲಿಲ್ಲ, ತಂಡವೂ ಚದುರಿತು.

ಎಂಟು ವರ್ಷಗಳ ನಂತರ ಮೊಮ್ಮಗಳ ಮಾತು ಚುಚ್ಚಿದ ಆ ರಾತ್ರಿ ಅವಳನ್ನು ಕರೆದು, ಆ ಹಾಡಿನಲ್ಲಿ ಏನಿತ್ತೆಂದು ಕೇಳಿದೆ. ಅವಳು ನಿಂತಲ್ಲೇ ಅನಿತ್ಯ, ಅಶರಣ, ಸಂಸಾರ, ಏಕತ್ವ, ಅನ್ಯತ್ವ, ಅಶುಚಿ, ಆಸ್ರವ, ಸಂವರ, ನಿರ್ಜರೆ, ಲೋಕ, ಬೋಧಿದುರ್ಲಭ, ಧರ್ಮ ಎಂದು ಹನ್ನೆರಡು ಅನುಪ್ರೇಕ್ಷೆಗಳನ್ನೂ ಕ್ರಮ ತಪ್ಪದೆ ಹೇಳಿ, ಒಂದೊಂದರ ಅರ್ಥವನ್ನೂ ತಿಳಿಸಿದಳು. ನಾನು ಕಲಿಸಿದ್ದಲ್ಲ. “ಆ ಹಾಡಿನಾಗ ಇದ್ದವಲ್ರಿ ಅಜ್ಜಾ” ಎಂದಳು.

ಆಗ ನನಗೆ ಎರಡು ಸಂಗತಿಗಳನ್ನು ನನ್ನೊಳಗೆ ಒಪ್ಪಿಕೊಳ್ಳಬೇಕಾಯಿತು. ಅವನ್ನು ಇಲ್ಲಿ ಬರೆಯುವುದೇ ಈ ಲೇಖನದ ಉದ್ದೇಶ. ಒಂದು: ಆ ದಿನ ಎರಡನೆಯ ಸಾಲಿಗೇ ಧಾಟಿಯ ಗುರುತು ಹತ್ತಿದ ಕೂಡಲೇ ನಾನು ಕೇಳುವುದನ್ನು ನಿಲ್ಲಿಸಿದ್ದೆ. ಕೇಳದ ಹಾಡಿನಲ್ಲಿ ಹುರುಳಿಲ್ಲವೆಂದು ಸಾರಿದ್ದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: ಅಂದು ಮೊದಲ ಬಹುಮಾನ ಪಡೆದ ತಂಡದ ಹಾಡನ್ನು ತಿದ್ದಿಕೊಟ್ಟವನು ನಾನೇ. ಅದು ಯಾರಿಗೂ ತಿಳಿದಿರಲಿಲ್ಲ. ಖಾಲಿ ಇರುವಾಗಲೇ ನನ್ನ ತಕ್ಕಡಿ ವಾಲಿತ್ತು. ತತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಪರನಿಂದೆ, ಆತ್ಮಪ್ರಶಂಸೆ, ಇನ್ನೊಬ್ಬರಲ್ಲಿ ಇರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣವನ್ನು ಮೆರೆಸುವುದು ಇವು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆನ್ನುತ್ತದೆ. ಆ ಭಾಗವನ್ನು ನಾನು ಎಷ್ಟು ಸಲ ಸಭೆಗಳಲ್ಲಿ ವಿವರಿಸಿದ್ದೇನೋ! ಒಂದೇ ಮಾತಿನಲ್ಲಿ ನಾಲ್ಕನ್ನೂ ಮಾಡಿ ಮುಗಿಸಿದ್ದೆ.

ಕ್ಷಮಾವಣಿಯ ದಿನ ಆ ತಾಯಿಯ ಮನೆಗೆ ಹೋದೆ. ಅವರು ಹಪ್ಪಳದ ಕಟ್ಟುಗಳನ್ನು ಕಟ್ಟುತ್ತಿದ್ದರು. ‘ಉತ್ತಮ ಕ್ಷಮಾ’ ಎಂದು ಕೈಮುಗಿದು, ನಡೆದುದನ್ನು, ತಿದ್ದಿಕೊಟ್ಟ ಹಾಡಿನ ವಿಷಯವನ್ನೂ ಸೇರಿಸಿ, ಹೇಳಿದೆ. ಅವರು ಕೈಯ ಹಿಟ್ಟನ್ನು ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಧಾಟಿ ಸಿನಿಮಾದ್ದು ಅನ್ನೋದು ಖರೇನ ಐತ್ರಿ ಸಾವಕಾರ್ರ. ಹುಡುಗರಿಗೆ ಹನ್ನೆರಡೂ ಹೆಸರು ನೆನಪ ಉಳೀಲಿ ಅಂತ ಹಿಡಿದಿದ್ದೆ. ಧಾಟಿ ಬೈದಿದ್ರ ನನಗ ಬ್ಯಾಸರ ಆಗ್ತಿರಲಿಲ್ಲ. ಹುರುಳಿಲ್ಲ ಅಂದ್ರಿ. ಅದರಾಗ ಅನುಪ್ರೇಕ್ಷಾ ಇದ್ದವು” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೆ ಹಾಡಬೇಕೆಂದು ಬೇಡಿಕೊಂಡೆ. ದನಿ ಮೊದಲಿನಂತಿಲ್ಲವೆಂದರು, ಹಾಡಿನ ವಹಿಯನ್ನು ಮಾತ್ರ ಕೊಟ್ಟರು.

ಈ ಸಲ ಪೂರ್ತಿ ಓದಿದೆ. ಸತ್ಯವನ್ನೇ ಹೇಳಬೇಕಾದರೆ ಅದು ಮಹಾಕೃತಿಯಲ್ಲ. ಎರಡು ನುಡಿಗಳು ಸಡಿಲವಾಗಿವೆ. ಅಶುಚಿ ಭಾವನೆಗೆ ಆ ಕುಣಿತದ ಧಾಟಿ ಹೊಂದುವುದಿಲ್ಲ. ಅಂದು ಬಿದ್ದ ಚಪ್ಪಾಳೆ ಸಲ್ಲಬೇಕಾದುದಕ್ಕಿಂತ ಗುಲಗಂಜಿಯಷ್ಟು ಹೆಚ್ಚಾಗಿದ್ದೀತು. ಆದರೆ ನನ್ನ ತೆಗಳಿಕೆಯಲ್ಲಿ ಮಣಗಟ್ಟಲೆ ಕಡಿತವಿತ್ತು. ಈಗ ಭಾನುವಾರದ ಪಾಠಶಾಲೆಯಲ್ಲಿ ಮಕ್ಕಳು ಆ ಹಾಡನ್ನು ಕಲಿಯುತ್ತಿದ್ದಾರೆ. ಕಟ್ಟಿದವರು ಮಾತ್ರ ಇನ್ನೂ ಬಂದಿಲ್ಲ. ಎಂಟು ವರ್ಷಗಳಲ್ಲಿ ಅವರು ಕಟ್ಟಬಹುದಾಗಿದ್ದ ಇತರ ಹಾಡುಗಳನ್ನು ನಾನು ಯಾವ ಖಾತೆಯಿಂದ ತುಂಬಿಕೊಡಲಿ?

ಎಲ್ಲವೂ ಸರಿ, ಎಲ್ಲವೂ ಸಮ ಎನ್ನುವುದು ಅನೇಕಾಂತವಲ್ಲ. ಗುಂಡು ಹಾರಿಸಿ ಸಂತೋಷಪಡುವ ಆಟವನ್ನು ಕುರಿತ ನನ್ನ ಆಕ್ಷೇಪ ಹಾಗೆಯೇ ಇದೆ. ಆದರೆ ಅದನ್ನು ‘ಹುರುಳಿಲ್ಲ’ ಎಂಬ ಖಾತೆಯಲ್ಲಿ ಬರೆಯದೆ, ಅಪಧ್ಯಾನಕ್ಕೆ ದಾರಿಯಾಗಬಹುದು ಎಂಬ ಖಾತೆಯಲ್ಲಿ ಬರೆದು ಮೊಮ್ಮಗನೊಡನೆ ಕುಳಿತು ಮಾತಾಡುತ್ತೇನೆ. ಅವನು ಹೇಳಿದಂತೆ ಆ ಆಟದಲ್ಲಿ ಜತೆಗಾರರೊಡನೆ ಹೊಂದಿ ನಡೆಯುವ ಜಾಣ್ಮೆಯೂ ಇದೆ. ಕುಶಲತೆ ಒಂದು, ಹಿತ ಒಂದು, ಜನಪ್ರಿಯತೆ ಮತ್ತೊಂದು. ಮೂರನ್ನು ಒಂದೇ ಖಾತೆಗೆ ಜಮಾ ಮಾಡುವುದರಿಂದಲೇ ಅಜ್ಜ-ಮೊಮ್ಮಕ್ಕಳ ಜಗಳ ಮುಗಿಯುವುದಿಲ್ಲ.

ಬಸದಿಗಳ ಆಡಳಿತ ಮಂಡಲಿಗಳಲ್ಲಿ ನನ್ನ ವಿನಂತಿ ಇಷ್ಟೆ. ಸ್ಪರ್ಧೆಗೆ ತೀರ್ಪುಗಾರರನ್ನು ಕರೆಯುವಾಗ ಅವರಿಗೆ ಯಾವ ತಂಡದೊಡನೆ ಏನು ನಂಟಿದೆಯೆಂದು ಮೊದಲೇ ಕೇಳಿರಿ. ಹಾಡಿನ ಮಾತುಗಳನ್ನು ಬರೆಸಿ ಅವರ ಕೈಗೆ ಕೊಡಿರಿ. ದೋಷವನ್ನು ಏಕಾಂತದಲ್ಲಿಯೂ ಗುಣವನ್ನು ಸಭೆಯಲ್ಲಿಯೂ ಹೇಳುವ ರೂಢಿಯನ್ನು ತನ್ನಿರಿ. ಉಪಗೂಹನವೆಂಬ ಅಂಗವನ್ನು ನಮಗೆ ಹೇಳಿರುವುದು ಪೂಜೆಯ ಸಾಮಗ್ರಿಯಂತೆ ಕಪಾಟಿನಲ್ಲಿಡಲಿಕ್ಕಲ್ಲ. ಮನೆಗಳ ಹಿರಿಯರಿಗೆ ಹೇಳುವುದು ನನಗೆ ನಾನೇ ಹೇಳಿಕೊಳ್ಳುವ ಮಾತು: ‘ನನಗೆ ಹಿಡಿಸಲಿಲ್ಲ’ ಎಂಬುದಕ್ಕೂ ‘ಅದರಲ್ಲಿ ಏನೂ ಇಲ್ಲ’ ಎಂಬುದಕ್ಕೂ ನಡುವೆ ಬಹಳ ದೂರವಿದೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಪ್ರಮೋದವು, ಅಂದರೆ ಇನ್ನೊಬ್ಬರ ಗುಣವನ್ನು ಕಂಡು ಹಿಗ್ಗುವುದು, ವಯಸ್ಸಾದಂತೆ ನಮ್ಮಲ್ಲಿ ಮೊದಲು ಬತ್ತುತ್ತದೆ.

ಮೊನ್ನೆ ಮೊಮ್ಮಗಳು ಮತ್ತೊಂದು ಹಾಡನ್ನು ಕೇಳಿಸಲು ಬಂದಳು. ಕನ್ನಡಕವನ್ನು ತೆಗೆದಿಟ್ಟು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದೆ. ನನಗೆ ಹಿಡಿಸಲಿಲ್ಲ, ಹಾಗೆಂದೇ ಹೇಳಿದೆ. ಅವಳಿಗೆ ಅದರಲ್ಲಿ ಯಾವುದು ಹಿಡಿಸಿತೆಂದು ಕೇಳಿದೆ. ಅವಳು ಅರ್ಧ ಗಂಟೆ ಹೇಳಿದಳು. ಆ ಅರ್ಧ ಗಂಟೆ ನನಗೆ ಹಿಡಿಸಿತು.